ಬೆಳಗು ನೋಡಿ ವಸ್ತಿ ಮಾಡು

ತಮ್ಮಾ, ನೀನು ಕಳಿಸಿದ ಪಟ್ಟಿ ನೋಡಿದೆ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಇಳಕಲ್ಲಿನಲ್ಲಿ ಸೀರೆ, ಅಮೀನಗಡದಲ್ಲಿ ಕರದಂಟು. ಒಂದನ್ನೂ ಬಿಟ್ಟಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟು ಹೊತ್ತು ಎಂಬುದನ್ನೂ ಬರೆದಿದ್ದೀ. ರಾತ್ರಿಯ ಎದುರಿಗೆ ಮಾತ್ರ ‘ದಾರಿಯಲ್ಲಿ ಎಲ್ಲಾದರೂ ಒಂದು ರೂಮು’ ಎಂದಿದೆ. ನಾನು ಮಾತಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ. ನೀನೊಬ್ಬನೇ ಬೈಕ್ ಹತ್ತಿ ಬರುವವನಾಗಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೆಂಚೂ ನಿನಗೆ ಸಾಕು. ಈಗ ಗಾಡಿಯಲ್ಲಿ ಮೊಣಕಾಲು ನೋವಿನ ನಮ್ಮಕ್ಕ ಇದ್ದಾಳೆ, ಸೊಸೆ ಇದ್ದಾಳೆ, ಹಸಿವಾದರೆ ಊರನ್ನೇ ಎಬ್ಬಿಸುವ ಎರಡು ಕೂಸುಗಳಿವೆ. ಇವರನ್ನೆಲ್ಲ ಕಟ್ಟಿಕೊಂಡು ರಾತ್ರಿ ಎಂಟೂವರೆಗೆ ಲಾಡ್ಜಿನಿಂದ ಲಾಡ್ಜಿಗೆ ಅಲೆಯುವ ಕೆಲಸ ಬೇಡ.

ನಮ್ಮ ಸೀಮೆಯ ಹಳ್ಳಿಗಳಿಗೆ ವಸ್ತಿ ಬಸ್ಸು ಬರುತ್ತದಲ್ಲ, ಅದರ ಲೆಕ್ಕ ನೋಡು. ಸಂಜೆಯ ಕೊನೆಯ ಟ್ರಿಪ್ಪಿಗೆ ಬಂದು ಅಗಸಿಯ ಹತ್ತಿರ ನಿಲ್ಲುತ್ತದೆ. ಡ್ರೈವರು ಕಂಡಕ್ಟರು ಅಲ್ಲೇ ಮಲಗುತ್ತಾರೆ. ನಸುಕಿನಲ್ಲಿ ಕಾಲೇಜಿನ ಹುಡುಗರನ್ನೂ ಸಂತೆಗೆ ಹೋಗುವವರನ್ನೂ ಹತ್ತಿಸಿಕೊಂಡು ಹೊರಡುತ್ತಾರೆ. ಮನೆಯಲ್ಲಿ ಮಲಗಿದರೆ ಅವರಿಗೂ ಸುಖವೇ. ಆದರೆ ಮರುದಿನದ ಮೊದಲ ಕೆಲಸ ಇರುವುದು ಹಳ್ಳಿಯಲ್ಲಿ. ನೀನೂ ಹಾಗೇ ಮಾಡು. ಕತ್ತಲಾದ ಕಡೆ ಗಾಡಿ ನಿಲ್ಲಿಸುವ ಬದಲು, ಬೆಳಿಗ್ಗೆ ಆರೂವರೆಗೆ ಎಲ್ಲಿರಬೇಕು ಅಂತ ಮೊದಲು ಗೊತ್ತುಮಾಡಿಕೋ. ರೂಮನ್ನು ಅಲ್ಲಿ ಹಿಡಿ.

ಊರುಗಳು ಎಲ್ಲೆಲ್ಲಿ ಕೂತಿವೆ ಅಂತ ಒಮ್ಮೆ ನೋಡಿಕೋ. ಜಿಲ್ಲಾ ಕೇಂದ್ರ ಬಾಗಲಕೋಟೆ ಉತ್ತರಕ್ಕಿದೆ. ಅಲ್ಲಿಂದ ಗುಳೇದಗುಡ್ಡದ ಮೇಲೆ ಹಾಯ್ದು ದಕ್ಷಿಣಕ್ಕೆ ಬಂದರೆ ಬಾದಾಮಿ. ಬಾದಾಮಿಯಿಂದ ಪೂರ್ವಕ್ಕೆ ಸುಮಾರು 22 ಕಿಲೋಮೀಟರಿಗೆ ಪಟ್ಟದಕಲ್ಲು, ಅಲ್ಲಿಂದ 13–14 ಕಿಲೋಮೀಟರಿಗೆ ಐಹೊಳೆ. ಐಹೊಳೆ ದಾಟಿದರೆ ಅಮೀನಗಡ, ಆಮೇಲೆ ಹುನಗುಂದ, ಆಮೇಲೆ ಇಳಕಲ್ಲು. ವಿಜಯಪುರದಿಂದ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಈ ಕೊನೆಯ ಎರಡೂ ಊರುಗಳ ಮಗ್ಗುಲಲ್ಲೇ ಹಾಯುತ್ತದೆ. ಕೂಡಲಸಂಗಮ ಹುನಗುಂದದ ಉತ್ತರಕ್ಕೆ, ಕೃಷ್ಣೆ ಮಲಪ್ರಭೆ ಕೂಡುವಲ್ಲಿ. ಬಾದಾಮಿಯಿಂದ ಇಳಕಲ್ಲಿಗೆ ಎಲ್ಲಿಯೂ ಇಳಿಯದೆ ಹೊಡೆದರೆ ಎರಡು ತಾಸಿನ ಮಾತು. ಹೀಗಿರುವಾಗ ನಡುವೆ ತಂಗಿ ದೂರ ಉಳಿಸುತ್ತೇನೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೂರವೇ ಇಲ್ಲ, ಉಳಿಸುವುದೇನು? ಬಿಸಿಲು ಏರುವ ಮುಂಚಿನ ಮೂರು ತಾಸು ಉಳಿಸಿಕೊಳ್ಳಬೇಕು.

ಅದಕ್ಕೇ ನನ್ನ ಮಾತು ಬಾದಾಮಿ. ಎರಡು ರಾತ್ರಿ, ಒಂದೇ ರೂಮು.

ಕಾರಣ ಕೇಳು. ಬಾದಾಮಿಯನ್ನು ಹಗಲಿಗೆ ಬಂದು ಹೋಗುವವರು ನೋಡುವುದು ಅದರ ಅತಿ ಕೆಟ್ಟ ಹೊತ್ತನ್ನು. ಹಂಪಿಯಿಂದಲೋ ಹುಬ್ಬಳ್ಳಿಯಿಂದಲೋ ಹೊರಟವರು ಹನ್ನೊಂದಕ್ಕೆ ಬಂದು ಮುಟ್ಟುತ್ತಾರೆ. ಆಗ ಕೆಂಪು ಬಂಡೆ ಕಾದಿರುತ್ತದೆ, ಮೆಟ್ಟಿಲ ತುಂಬ ಜನ, ಮಕ್ಕಳು ಒಂದನೇ ಗುಹೆಯಲ್ಲೇ ‘ಸಾಕು’ ಅನ್ನುತ್ತವೆ. ಊರಲ್ಲೇ ಮಲಗಿ ಎದ್ದವರಿಗೆ ಬೇರೆ ಬಾದಾಮಿ ಸಿಗುತ್ತದೆ. ಬಾಗಿಲು ತೆರೆಯುತ್ತಿದ್ದಂತೆ ಒಳಗೆ ಹೋದರೆ ಹದಿನೆಂಟು ತೋಳಿನ ನಟರಾಜನ ಮುಂದೆ ನೀವಷ್ಟೇ ನಿಂತಿರುತ್ತೀರಿ. ಮಕ್ಕಳಿಗೆ ಆ ಕೈಗಳನ್ನು ಎಣಿಸಲು ಹಚ್ಚು. ಎಣಿಕೆ ಮುಗಿಯುವವರೆಗೆ ನಿನಗೆ ಆರಾಮು. ಅಕ್ಕನಿಗೆ ಆ ಒಂದನೇ ಗುಹೆ ಸಾಕು, ಮೆಟ್ಟಿಲು ಕಡಿಮೆ. ಅಲ್ಲೇ ನೆರಳಿಗೆ ಕೂತಿರಲಿ. ನೀವು ಮೂರನೆಯದಕ್ಕೆ ಹೋಗಿಬನ್ನಿ. ಕ್ರಿ.ಶ. 578ರಲ್ಲಿ ಮಂಗಲೇಶ ಮಾಡಿಸಿದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ನಾಲ್ಕರಲ್ಲಿ ಅದರಷ್ಟು ದೊಡ್ಡದು ಇನ್ನೊಂದಿಲ್ಲ. ನಾಲ್ಕನೆಯ ಜೈನ ಗುಹೆ ಚಿಕ್ಕದು, ಅಲ್ಲಿಂದ ಕೆಳಗೆ ಅಗಸ್ತ್ಯತೀರ್ಥ ಪೂರ್ತಿ ಕಾಣುತ್ತದೆ. ಎಂಟೂವರೆ ಹೊತ್ತಿಗೆ ಇಳಿದು ಬಂದು ಒಗ್ಗರಣಿ–ಮಿರ್ಚಿ ತಿನ್ನಬಹುದು; ಮಕ್ಕಳಿಗೆ ಇಡ್ಲಿ ಹೇಳು, ಮಿರ್ಚಿಯ ಹತ್ತಿರ ಬಿಡಬೇಡ.

ಸಂಜೆಯ ಲೆಕ್ಕ ಬೇರೆ. ಭೂತನಾಥ ಗುಡಿ ಕೆರೆಯ ಪೂರ್ವದ ದಂಡೆಯಲ್ಲಿದೆ. ಇಳಿಬಿಸಿಲು ನೇರ ಅದರ ಮೇಲೇ ಬೀಳುತ್ತದೆ. ಅಲ್ಲಿಗೆ ಹೋಗಲು ಗುಡ್ಡ ಹತ್ತಬೇಕಿಲ್ಲ, ದಂಡೆಗುಂಟ ನಡೆದರಾಯಿತು. ಅಕ್ಕನೂ ನಿಧಾನಕ್ಕೆ ಬರಬಹುದು. ಬೆಳಿಗ್ಗೆ ಗುಹೆ, ಸಂಜೆ ಭೂತನಾಥ. ಎರಡೂ ಸಿಗಬೇಕಾದರೆ ನಡುವಿನ ರಾತ್ರಿಯಾದರೂ ಬಾದಾಮಿಯಲ್ಲಿ ಕಳೆಯಲೇಬೇಕು. ಒಂದನೇ ಪುಲಕೇಶಿ 543ರಲ್ಲಿ ಈ ಗುಡ್ಡಕ್ಕೆ ಕೋಟೆ ಕಟ್ಟಿದ್ದು ಊರನ್ನು ಕಾಯಲಿಕ್ಕೆ. ಈಗ ಆ ಗುಡ್ಡಗಳು ಕಾಯುವುದು ಹಿಂದಿನ ದಿನದ ಬಿಸಿಲನ್ನು. ಮಾರ್ಚ್ ದಾಟಿದ ಮೇಲೆ ಬಂದರೆ ರಾತ್ರಿ ಹತ್ತಾದರೂ ಗೋಡೆ ಬಿಸಿ ಇರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ ಅಂದರೆ ಬೇಡ ಅಂತಲೇ ಹೇಳುತ್ತೇನೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಒಂದು ದಿನದ ಮಾತೂ ನೆನಪಿಟ್ಟುಕೋ. ಪುರಾತತ್ವ ಇಲಾಖೆಯ ಮ್ಯೂಸಿಯಂ ಶುಕ್ರವಾರ ಬಾಗಿಲು ತೆರೆಯುವುದಿಲ್ಲ. ಬಾದಾಮಿಯ ಒಂದೇ ಹಗಲು ಶುಕ್ರವಾರ ಬೀಳದಂತೆ ನೋಡಿಕೋ.

ಇನ್ನು ರೂಮು. ಊರ ಮುಖ್ಯ ರಸ್ತೆಯ ಎರಡೂ ಕಡೆ, ಬಸ್‌ಸ್ಟ್ಯಾಂಡಿನ ಆಚೀಚೆ ಲಾಡ್ಜುಗಳಿವೆ. ರಾಮದುರ್ಗ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಊರ ಗದ್ದಲದಿಂದ ಸ್ವಲ್ಪ ಆಚೆ. ಐಬಿ, ಅಂದರೆ ಪ್ರವಾಸಿ ಮಂದಿರ, ಸಿಗುತ್ತದೆಯೇ ಅಂತ ಯಾರಾದರೂ ಪರಿಚಯದ ಇಂಜಿನಿಯರನ್ನು ಕೇಳುವ ಚಟ ನಮ್ಮ ಮನೆಯಲ್ಲಿ ಎಲ್ಲರಿಗೂ ಇದೆ. ಅದನ್ನು ನಂಬಿ ಬರಬೇಡ. ಸಾಹೇಬರು ಬರುತ್ತಾರೆ ಎಂಬ ಒಂದು ಫೋನು ಬಂದರೆ ಸಂಜೆ ಐದಕ್ಕೆ ನಿನ್ನ ಗಂಟು ಹೊರಗೆ.

ಯಾವ ಲಾಡ್ಜು ಅನ್ನುವುದಕ್ಕಿಂತ ಫೋನಿನಲ್ಲಿ ಏನು ಕೇಳುತ್ತೀ ಅನ್ನುವುದು ದೊಡ್ಡದು. ಫೋಟೋ ನೋಡಿ ಮರುಳಾಗಬೇಡ. ಫೋಟೋದಲ್ಲಿ ಹಾಸಿಗೆ ಕಾಣುತ್ತದೆ, ನೀರು ಕಾಣುವುದಿಲ್ಲ. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಅಂತ ಕೇಳು. ಬಹಳ ಕಡೆ ಅದು ಬೆಳಗಿನ ಎರಡು ಮೂರು ತಾಸಿನ ಭಾಗ್ಯ. ನೀವು ಆರೂವರೆಗೆ ಗುಹೆಗೆ ಹೊರಡುವವರು. ನೀರು ಏಳಕ್ಕೆ ಬಿಡುವವರಾದರೆ ಹಿಂದಿನ ಸಂಜೆಯೇ ಮಕ್ಕಳ ಜಳಕ ಮುಗಿಸಿಬಿಡು. ಕೆಳಗಿನ ಅಂತಸ್ತಿನಲ್ಲಿ ರೂಮು ಇದೆಯೇ, ಕುರ್ಚಿಯಂತೆ ಕೂರುವ ಕಮೋಡ್ ಇದೆಯೇ ಕೇಳು. ಅಕ್ಕನ ಮಟ್ಟಿಗೆ ಪ್ರವಾಸ ಸುಖವಾಯಿತೋ ಇಲ್ಲವೋ ಎನ್ನುವುದು ಈ ಎರಡರ ಮೇಲೆ ನಿಂತಿದೆ, ಅವಳು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲಕ್ಕಿಂತ ಮೇಲಿನ ಅಂತಸ್ತು ಬೇಡ. ಸ್ಲ್ಯಾಬು ಇಡೀ ದಿನ ಕಾದು ರಾತ್ರಿ ನಿನ್ನ ತಲೆಯ ಮೇಲೆ ಆರುತ್ತದೆ. ಕರೆಂಟು ಹೋದರೆ ಜನರೇಟರು ಫ್ಯಾನಿಗೂ ಬರುತ್ತದೋ, ಬರೀ ಲೈಟಿಗೋ? ಕಿಟಕಿಗೆ ಜಾಳಿಗೆ ಇದೆಯೋ? ಇದು ಸೊಳ್ಳೆಗಿಂತ ಮಂಗ್ಯಾಗಳ ಸಲುವಾಗಿ. ಬಾದಾಮಿಯ ಮಂಗಗಳಿಗೆ ಬಿಸ್ಕಿಟ್ ಪ್ಯಾಕೆಟ್ಟಿನ ಸಪ್ಪಳ ಮಕ್ಕಳಿಗಿಂತ ಮೊದಲು ಕೇಳಿಸುತ್ತದೆ. ಬಾಲ್ಕನಿಯಲ್ಲಿ ಚಡ್ಡಿ ಟವೆಲ್ಲು ಒಣಹಾಕಿ ಹೊರಗೆ ಹೋಗಬೇಡ.

ಚೆಕ್‌ಔಟ್ ಹೇಗೆ ಅಂತಲೂ ಕೇಳು. ಕೆಲವು ಲಾಡ್ಜುಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ, ಕೆಲವು ಕಡೆ ನೀನು ಬಂದ ಹೊತ್ತಿನಿಂದ 24 ತಾಸು. ಸಂಜೆ ಐದಕ್ಕೆ ಬರುವ ನಿನ್ನಂಥವನಿಗೆ ಎರಡನೆಯದು ಬಹಳ ಲಾಭ. ಮರುದಿನ ಮಧ್ಯಾಹ್ನದ ಉರಿಯಲ್ಲಿ ಅಕ್ಕನೂ ಮಕ್ಕಳೂ ಎರಡು ತಾಸು ಕಾಲು ಚಾಚಬಹುದು. ಕಡೆಯ ಪ್ರಶ್ನೆಯನ್ನು ನಾಚಿಕೆ ಬಿಟ್ಟು ಕೇಳಬೇಕು: ಕೆಳಗೆ ಬಾರ್ ಇದೆಯೇ? ‘ಫ್ಯಾಮಿಲಿ ಬರ್ತಾರ್ರೀ, ಏನೂ ತೊಂದ್ರಿ ಇಲ್ರೀ’ ಎಂದು ಉತ್ತರ ಬಂದರೆ ಬಾರ್ ಇದೆ ಅಂತಲೇ ತಿಳಿ. ಇದ್ದರೆ ಪಾಪವೇನಲ್ಲ, ರಾತ್ರಿ ಹನ್ನೊಂದರವರೆಗೆ ಮಕ್ಕಳು ಮಲಗುವುದಿಲ್ಲ ಅಷ್ಟೇ.

ಡ್ರೈವರನ್ನು ಮರೆಯಬೇಡ. ಬೆಂಗಳೂರಿನಿಂದ ನಾನೂರು ಕಿಲೋಮೀಟರು ದಾಟಿ ನಿಮ್ಮನ್ನು ಕರೆತಂದವನನ್ನು ಗಾಡಿಯಲ್ಲೇ ಮಲಗು ಅನ್ನುವ ಜನ ಇದ್ದಾರೆ, ನಿನಗೆ ಆ ಬುದ್ಧಿ ಬರಬಾರದು. ಡಾರ್ಮಿಟರಿಯೋ ಸಣ್ಣ ರೂಮೋ, ಒಂದು ಹಾಸಿಗೆ, ಒಂದು ಫ್ಯಾನು, ಬೆಳಿಗ್ಗೆ ಜಳಕಕ್ಕೆ ನೀರು. ಅದಕ್ಕಾಗಿ ರೂಮಿನ ಬಾಡಿಗೆ ಏರಿದರೆ ಏರಲಿ. ಮರುದಿನ ರಸ್ತೆ ನೋಡುವ ಕಣ್ಣು ಅವನವು, ಹಿಂದಿನ ಸೀಟಿನಲ್ಲಿ ಮಲಗಿರುವುದು ನಿನ್ನ ಮಕ್ಕಳು.

ಬಾದಾಮಿ ಬೇಡ ಅನ್ನಬೇಕಾದ ಹೊತ್ತೂ ಇದೆ. ಬನದ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿಯ ತೇರು. ತೇರಿನ ದಿನ ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ಇರುತ್ತದೆ. ನಾಟಕ ಕಂಪನಿಗಳು ಟೆಂಟು ಹೊಡೆಯುತ್ತವೆ, ರಾತ್ರಿಯಿಡೀ ಆಟ, ಬಾಗಿಲಿನಿಂದ ಹಿಡಿದು ಹಗ್ಗ ಕಣ್ಣಿಯವರೆಗೆ ಎಲ್ಲವೂ ಮಾರಾಟ. ನೋಡಲೇಬೇಕಾದ ಜಾತ್ರೆ ಅದು. ಆದರೆ ಆ ದಿನಗಳಲ್ಲಿ ಬಾದಾಮಿಯಲ್ಲಿ ರೂಮು ಹುಡುಕುವುದು ವ್ಯರ್ಥ ಶ್ರಮ. ಬಾಗಲಕೋಟೆಯಲ್ಲಿ ಇಳಿದು ಹಗಲಿಗೆ ಬಂದು ಹೋಗುವುದೇ ದಾರಿ. ಉಳಿದ ದಿನಗಳಲ್ಲಿ ಬನಶಂಕರಿಗೆ ಮಧ್ಯಾಹ್ನದ ಊಟದ ಹೊತ್ತು ನೋಡಿ ಹೋಗು. ಊರಿಂದ 5 ಕಿಲೋಮೀಟರು. ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಜುಣಕ, ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಹೊಂಡದ ದಂಡೆಯ ನೆರಳಿಗೆ ಕೂತು ಉಣ್ಣಬೇಕು. ಯಾವ ಹೋಟೆಲಿನ ಊಟವೂ ಅದರ ಮುಂದೆ ನಿಲ್ಲುವುದಿಲ್ಲ. ಇದು ನನ್ನೊಬ್ಬನ ಮಾತಲ್ಲ, ಉಂಡವರನ್ನೆಲ್ಲ ಕೇಳು.

ಬಾಗಲಕೋಟೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಹೋದ ಮೇಲೆ ಸರ್ಕಾರ ಕಟ್ಟಿಕೊಟ್ಟ ನವನಗರ ಅಗಲ ರಸ್ತೆಯ, ನಂಬರು ಹಚ್ಚಿದ ಸೆಕ್ಟರುಗಳ ಊರು. ಹೋಟೆಲುಗಳು ದೊಡ್ಡವು, ಗಾಡಿ ನಿಲ್ಲಿಸಲು ಜಾಗ ಧಾರಾಳ, ಲಿಫ್ಟು ಎಸಿ ಎಲ್ಲ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಅಲ್ಲಿವೆ. ಕೂಸಿಗೆ ವರ್ಷ ತುಂಬಿಲ್ಲ, ಅಥವಾ ಜೊತೆಗಿರುವ ಹಿರಿಯರಿಗೆ ಉಸಿರಿನದೋ ಎದೆಯದೋ ತೊಂದರೆ ಇದೆ ಅನ್ನುವವರು ಎರಡು ಮಾತಿಲ್ಲದೆ ನವನಗರದಲ್ಲಿ ಮಲಗಲಿ; ನಟರಾಜ ಒಂದೂವರೆ ತಾಸು ತಡವಾಗಿ ಸಿಕ್ಕರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಳಗಾವಿ ಕಡೆಯಿಂದ ಬರುವವರಿಗೂ ಅದು ಸರಿ. ನಿಮಗೆ ಬೇಡ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಕಾಣುವುದು ಎದುರಿನ ಸೆಕ್ಟರು. ಹೋಳಿ ಹುಣ್ಣಿಮೆಯ ಹೊತ್ತಿಗೆ ಮಾತ್ರ ಲೆಕ್ಕ ತಲೆಕೆಳಗು. ಹಲಗಿ ಬಡಿತ, ಬಂಡಿಯ ಮೇಲೆ ಬ್ಯಾರಲ್ಲಿಟ್ಟು ಎರಚುವ ಬಣ್ಣ, ದಿನಗಟ್ಟಲೆ ನಡೆಯುವ ಆಟ. ಅದನ್ನೇ ನೋಡಲು ಬಂದವರು ಅಲ್ಲೇ ಇಳಿಯಬೇಕು. ನೋಡುವ ಮನಸ್ಸಿಲ್ಲದವರು ಆ ದಿನಗಳಲ್ಲಿ ಹಳೆಯ ಊರಿನ ಕಡೆ ಬಿಳಿ ಅಂಗಿ ಹಾಕಿಕೊಂಡು ಸುಳಿಯಬಾರದು.

ಪಟ್ಟದಕಲ್ಲಿನಲ್ಲಿ ತಂಗುತ್ತೇನೆ ಅಂತ ಒಂದು ಕಡೆ ಬರೆದು ಹೊಡೆದುಹಾಕಿದ್ದೀ. ಹೊಡೆದುಹಾಕಿದ್ದೇ ಸರಿ. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಊರಾದರೂ ಸಂಜೆ ಗುಡಿಯ ಬಾಗಿಲು ಹಾಕಿದ ಮೇಲೆ ಅದು ಮತ್ತೆ ಹಳ್ಳಿ. ಕುಟುಂಬಕ್ಕೆ ಒಪ್ಪುವ ರೂಮು, ರಾತ್ರಿ ಊಟ ಎರಡೂ ಕಷ್ಟ. ಐಹೊಳೆಯದೂ ಹೆಚ್ಚುಕಡಿಮೆ ಅದೇ ಕತೆ. ಒಂದು ಕಾಲದಲ್ಲಿ ದಕ್ಷಿಣ ದೇಶವನ್ನೆಲ್ಲ ಸುತ್ತಿ ವ್ಯಾಪಾರ ಮಾಡಿದ ಅಯ್ಯಾವೊಳೆ ಐನೂರ್ವರ ಊರಿನಲ್ಲಿ ಇವತ್ತಿನ ದಾರಿಹೋಕನಿಗೆ ಹಾಸಿಗೆ ಸಿಗುವುದು ದುರ್ಲಭ ಅನ್ನುವುದು ತಮಾಷೆಯೇ ಸರಿ. ಎರಡೂ ಊರು ಹಗಲಿಗೆ.

ಕೂಡಲಸಂಗಮದ ಮಾತು ಬೇರೆ. ನಮ್ಮಕ್ಕ ಅಲ್ಲಿ ಒಂದು ರಾತ್ರಿ ಇರೋಣ ಅಂದರೆ ನನ್ನ ಬಾದಾಮಿಯ ಲೆಕ್ಕವನ್ನೆಲ್ಲ ಬಿಟ್ಟು ಇರು. ಬಸವಣ್ಣನ ಐಕ್ಯಮಂಟಪಕ್ಕೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ನುಗ್ಗದಂತೆ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ. ಸೇತುವೆಯ ಮೇಲೆ ನಡೆದು ಹೋಗಿ, ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಮುಂಜಾನೆ ಜನ ಸೇರುವ ಮುಂಚೆ ಹೋದರೆ ಅಕ್ಕ ಯಾರ ಕೈ ನೂಕಾಟವೂ ಇಲ್ಲದೆ ಕಂಬಿ ಹಿಡಿದು ಇಳಿದಾಳು. ಕ್ಷೇತ್ರದ ವಸತಿಗೃಹಗಳಿವೆ, ದಾಸೋಹ ಇದೆ. ರೂಮು ಸಾದಾ. ಎಸಿ, ಟೀವಿ, ರೂಮಿಗೆ ಚಹಾ ಕೇಳುವ ಜಾಗ ಅದಲ್ಲ. ಪಂಕ್ತಿಯಲ್ಲಿ ಕೂತು ಬಡಿಸಿದ್ದನ್ನು ಚೆಲ್ಲದೆ ಉಣ್ಣಲು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗು. ಅಮಾವಾಸ್ಯೆ, ಶ್ರಾವಣ, ಜನವರಿ ಸಂಕ್ರಾಂತಿಯ ಆಸುಪಾಸು ಗದ್ದಲ ಇರುತ್ತದೆ, ಆಗ ವಿಚಾರಿಸದೆ ಹೊರಡಬೇಡ.

ಹುನಗುಂದ ತಾಲ್ಲೂಕಿನ ಊರು, ನಾಲ್ಕೂ ಕಡೆಯ ರಸ್ತೆ ಕೂಡುವ ಜಾಗ. ಚಹಾಕ್ಕೆ, ಪಂಚರಿಗೆ, ಪೆಟ್ರೋಲಿಗೆ ಒಳ್ಳೆಯದು. ಗತ್ಯಂತರವಿಲ್ಲದೆ ಕತ್ತಲಾಗಿಬಿಟ್ಟರೆ ಇಳಿ. ಬೇಕೆಂದು ಇಳಿಯಬೇಡ, ಇನ್ನು ಹನ್ನೆರಡು ಹದಿಮೂರು ಕಿಲೋಮೀಟರು ಹೋದರೆ ಇಳಕಲ್ಲೇ ಬಂತು.

ಇಳಕಲ್ಲನ್ನು ಮಾತ್ರ ನೀನು ತಪ್ಪು ಕಡೆ ಇಟ್ಟಿದ್ದೀ. ಕೊನೆಯ ದಿನ ಸಂಜೆ ಏಳಕ್ಕೆ ಸೀರೆ, ಆಮೇಲೆ ರಾತ್ರಿಯೇ ಬೆಂಗಳೂರಿಗೆ ಅಂತ ಬರೆದಿದ್ದೀ. ಸೊಸೆ ಅದನ್ನು ಓದಿಲ್ಲ ಅಂತ ಕಾಣುತ್ತದೆ. ಇಳಕಲ್ಲಿನ ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ಆರಿಸಬಾರದು. ಆ ಕೆಂಪು ಸೆರಗು, ದಾಳಿಂಬೆ ಬಣ್ಣ, ನವಿಲುಗತ್ತಿನ ಬಣ್ಣ ಎಲ್ಲ ಹಗಲಲ್ಲಿ ಒಂದು, ದೀಪದಲ್ಲಿ ಇನ್ನೊಂದು. ಅಂಗಡಿಯ ಬಾಗಿಲಿಗೆ ತಂದು ನೋಡುತ್ತೇನೆ ಅಂದರೆ ಒಳ್ಳೆಯ ಅಂಗಡಿಯವನು ಬೇಡ ಅನ್ನುವುದಿಲ್ಲ. ಕೈಮಗ್ಗದ್ದೋ ಪವರ್‌ಲೂಮಿನದೋ ಅಂತ ತಿಳಿಯಲೂ ಹೊತ್ತು ಬೇಕು. ಹಳೆಯ ಪದ್ಧತಿಯ ಸೀರೆಯಲ್ಲಿ ಮೈಯ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಶುರುವಾಗುವಲ್ಲಿ ಬೆರಳಾಡಿಸಿ ಆ ಕೂಡಿಕೆ ನೋಡಬೇಕು. ಆಮೇಲೆ ತೋಪು ತೆನಿ, ಆಮೇಲೆ ದಡಿ: ಚಿಕ್ಕಿ ಪರಾಸೋ, ಗೋಮಿಯೋ, ಗಾಯತ್ರಿಯೋ. ಅಕ್ಕ ಈ ಮೂರನ್ನೂ ಬೇರೆ ಬೇರೆ ತೆಗೆಸಿ ನೋಡದೆ ಏಳುವವಳಲ್ಲ. ಮಗ್ಗ ನೋಡಬೇಕೆಂದಿದ್ದರಂತೂ ಬೆಳಗಿನ ಹೊತ್ತೇ ಬೇಕು. ಅಂಗಡಿಯವರನ್ನು ಕೇಳಿದರೆ ನೇಕಾರರ ಓಣಿ ತೋರಿಸುತ್ತಾರೆ. ದುಡಿಯುವ ಮನೆ ಅದು, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ ತೆಗೆ.

ಹಾಗಾಗಿ ದಾರಿಯನ್ನೇ ತಿರುವಿಹಾಕು. ಬೆಂಗಳೂರಿನಿಂದ ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿಯ ಮೇಲೆ ಬಂದು ಮೊದಲ ರಾತ್ರಿ ಇಳಕಲ್ಲಿನಲ್ಲಿ ಮಲಗು. ಹೆದ್ದಾರಿಯ ಹತ್ತಿರದ ಲಾಡ್ಜಾದರೆ ರಸ್ತೆಯ ಕಡೆಯ ಕಿಟಕಿ ಬೇಡ ಅನ್ನು. ಕೆಂಪು ಗ್ರಾನೈಟಿನ ದಿಮ್ಮಿ ಹೊತ್ತ ಲಾರಿಗಳು ರಾತ್ರಿಯಿಡೀ ಗೇರು ಬದಲಿಸುತ್ತವೆ. ಬೆಳಿಗ್ಗೆ ಓಣಿಯಲ್ಲಿ ಮಗ್ಗ ನೋಡಿ, ಅಂಗಡಿ ತೆರೆಯುತ್ತಿದ್ದಂತೆ ಸೀರೆ ಮುಗಿಸು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಐಹೊಳೆಗೆ ಬಾ. ದುರ್ಗ ಗುಡಿಯ ಆವರಣದಲ್ಲಿ ಮರದ ನೆರಳಿದೆ, ಮಕ್ಕಳು ಓಡಾಡಲಿ. ರವಿಕೀರ್ತಿಯ 634ರ ಶಾಸನ ಇರುವ ಮೇಗುಟಿ ಗುಡ್ಡದ ಮೇಲಿದೆ, ಕಾಲಿದ್ದವರು ಹತ್ತಲಿ. ಮೂರಕ್ಕೆ ಪಟ್ಟದಕಲ್ಲು, ಐದೂವರೆಗೆ ಬಾದಾಮಿ. ಸಂಜೆ ಪಶ್ಚಿಮಕ್ಕೆ ಹೋಗುವ ರಸ್ತೆ, ಸೂರ್ಯ ನೇರ ಡ್ರೈವರನ ಕಣ್ಣಿಗೆ. ಕಪ್ಪು ಕನ್ನಡಕ ಅವನ ಕೈಗೆ ಸಿಗುವಂತಿರಲಿ. ಆಮೇಲೆ ಬಾದಾಮಿಯಲ್ಲಿ ಎರಡು ರಾತ್ರಿ. ಕೂಡಲಸಂಗಮವನ್ನು ಅಕ್ಕ ಕೇಳಿದರೆ ಇಳಕಲ್ಲಿನ ಬದಲು ಮೊದಲ ರಾತ್ರಿಯೇ ಅಲ್ಲಿ ಮಾಡು, ಮುಂಜಾನೆ ದರ್ಶನ ಮುಗಿಸಿ ಇಳಕಲ್ಲಿಗೆ ಬಂದರೆ ಅಂಗಡಿ ತೆರೆಯುವ ಹೊತ್ತೇ ಆಗಿರುತ್ತದೆ.

ಯಾವ ಊರಾದರೂ ಹೊತ್ತು ಮುಳುಗುವ ಮುಂಚೆ ಮುಟ್ಟು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಫ್ಯಾಕ್ಟರಿಗೆ ಹೋಗುತ್ತಿರುತ್ತವೆ. ಅದರ ಟೇಪ್‌ರೆಕಾರ್ಡರಿನ ಹಾಡು ನಿನಗೆ ಕೇಳಿಸುವ ಹೊತ್ತಿಗೆ ಟ್ರೇಲರು ನಿನ್ನ ಬಾನೆಟ್ಟಿನ ಮುಂದಿರುತ್ತದೆ. ರಾಶಿಯ ದಿನಗಳಲ್ಲಿ ಕಾಳು ಒಕ್ಕಲು ರಸ್ತೆಯ ಮೇಲೇ ಹರವುತ್ತಾರೆ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕಾಳು ಒಳಗೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಊರೂರಿಗೆ ಬಣ್ಣವಿಲ್ಲದ ಹಂಪುಗಳು ಬೇರೆ. ಫೋನಿನ ನಕ್ಷೆ ಇನ್ನು ನಲವತ್ತು ನಿಮಿಷ ಅಂತ ತೋರಿಸುತ್ತದೆ, ಅದಕ್ಕೆ ಕಲ್ಲೂ ಗೊತ್ತಿಲ್ಲ ಹಂಪೂ ಗೊತ್ತಿಲ್ಲ. ಆರಕ್ಕೆ ಎಲ್ಲಿದ್ದೀಯೋ ಅದರ ಹತ್ತಿರದ ಊರಲ್ಲಿ ಇಳಿ, ಹಿಡಿದ ರೂಮಿನ ದುಡ್ಡು ಹೋದರೂ ಚಿಂತೆಯಿಲ್ಲ.

ಮಳೆಗಾಲದಲ್ಲಿ ಬರುವವರಿಗೆ ಇನ್ನೊಂದು ಮಾತು. ಮಲಪ್ರಭೆ ಏರುವುದು ನಮ್ಮ ಮಳೆಗಷ್ಟೇ ಅಲ್ಲ. ಸವದತ್ತಿಯ ಹತ್ತಿರದ ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ದಂಡೆ ಮೀರುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ಬಂದಿತ್ತು. ಅಂಥ ದಿನಗಳಲ್ಲಿ ರೂಮು ಹಿಡಿಯುವ ಮುಂಚೆ ಲಾಡ್ಜಿನವರನ್ನೇ ಕೇಳು, ‘ಹೊಳಿ ಹೆಂಗ ಐತ್ರೀ, ದಾರಿ ತೆರದೈತೇನ್ರೀ?’ ಇಲ್ಲ ಅಂದರೆ ಇಲ್ಲ. ಸೇತುವೆಯ ಮೇಲೆ ಒಂದು ಗೇಣು ನೀರು ಅಷ್ಟೇ ಅಂತ ಯಾರಾದರೂ ಹುರಿದುಂಬಿಸಿದರೆ ಕಿವಿಗೆ ಹಾಕಿಕೊಳ್ಳಬೇಡ.

ಮುಂದಿನ ವರ್ಷ ಜರ್ಮನಿಯಿಂದ ನಿನ್ನ ತಂಗಿಯ ಸಂಸಾರವೂ ಬರುತ್ತದಂತೆ. ಅವಳಿಗೆ ಎರಡು ಮಾತು ಹೇಳಿಬಿಡು. ಅಲ್ಲಿ ಆಟೋಬಾನಿನಲ್ಲಿ ನಾಲ್ಕು ತಾಸಿಗೆ ನಾನೂರು ಕಿಲೋಮೀಟರು ಹೊಡೆಯುವ ಲೆಕ್ಕ ಇಲ್ಲಿ ಹಿಡಿಯಬಾರದು. ನಮ್ಮ ಒಳರಸ್ತೆಗಳಲ್ಲಿ ತಾಸಿಗೆ ನಲವತ್ತು ಸಿಕ್ಕರೆ ಪುಣ್ಯ. ಇನ್ನೊಂದು, ಮಕ್ಕಳ ಪಾಸ್‌ಪೋರ್ಟು ಅಲ್ಲಿಯದಾದರೆ ಒಸಿಐ ಕಾರ್ಡ್ ಇದ್ದರೂ ಲಾಡ್ಜಿನವರು ಅವರ ಹೆಸರಿನಲ್ಲಿ ವಿದೇಶಿಯರ ಫಾರ್ಮ್ ತುಂಬಿ 24 ತಾಸಿನೊಳಗೆ ಕಳಿಸಬೇಕು. ಸಣ್ಣ ಲಾಡ್ಜುಗಳಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ರೂಮು ಖಾಲಿ ಇದ್ದರೂ ಇಲ್ಲ ಅಂದುಬಿಡುತ್ತಾರೆ. ಅವಳು ಕೌಂಟರಿನ ಮುಂದೆ ಎಷ್ಟು ಚೆಂದ ಬಾಗಲಕೋಟಿ ಕನ್ನಡ ಮಾತಾಡಿದರೂ ನಡೆಯುವುದಿಲ್ಲ. ಮೊದಲೇ ಕೇಳಿ, ಒಪ್ಪುವ ಕಡೆಯೇ ಹಿಡಿಯಲಿ. ಪಾಸ್‌ಪೋರ್ಟಿನ, ಕಾರ್ಡಿನ ಜೆರಾಕ್ಸ್ ಕೈಯಲ್ಲಿರಲಿ. ನಿಮಗೆಲ್ಲ ಆಧಾರ್ ಸಾಕು, ಅಕ್ಕನದನ್ನೂ ಮರೆಯದೆ ತಾ.

ರಾತ್ರಿ ಊಟವನ್ನು ಎಂಟೂವರೆಯೊಳಗೆ ಮುಗಿಸಿ. ಖಾನಾವಳಿಗಳಲ್ಲಿ ಬಿಸಿ ರೊಟ್ಟಿ ಬಡಿಯುವ ಅವ್ವಂದಿರೂ ಮನೆಗೆ ಹೋಗಬೇಕು. ಆಮೇಲೆ ಬಂದವರಿಗೆ ಉಳಿಯುವುದು ಅನ್ನ, ಸಾರು.

ಕೊನೆಯದಾಗಿ, ರೂಮು ಇವತ್ತೇ ಹಿಡಿ. ಎರಡು ಮೂರು ಕಡೆ ಹಿಡಿದಿಟ್ಟು, ಬಂದ ಮೇಲೆ ಒಂದನ್ನು ಆರಿಸುವ ಬೆಂಗಳೂರಿನ ಜಾಣತನ ಇಲ್ಲಿ ತೋರಿಸಬೇಡ. ಬಾದಾಮಿಯ ಸಣ್ಣ ಲಾಡ್ಜಿನವನು ನಿನ್ನ ಮಾತಿನ ಮೇಲೆ ಕೆಳಗಿನ ರೂಮನ್ನು ತೆಗೆದಿಟ್ಟು, ಮೊಣಕಾಲು ನೋವಿನ ಇನ್ನೊಬ್ಬ ಅಜ್ಜಿಯನ್ನು ವಾಪಸ್ ಕಳಿಸಿರುತ್ತಾನೆ. ಬರುವುದು ತಪ್ಪಿದರೆ ಹಿಂದಿನ ದಿನವೇ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳು.